ಊರ ಬೆಂಡೆಗೆ ಊರ ಮಣ್ಣು

ಸೋಣ ತಿಂಗಳು ಹುಟ್ಟಿ ಅಷ್ಟಮಿ, ಚೌತಿ ಹತ್ತಿರವಾದಾಗ ಕಾರ್ಕಳದ ಪೇಟೆಯಲ್ಲಿ ಬೆಂಡೆಕಾಯಿ ಎರಡು ರಾಶಿಯಾಗುತ್ತದೆ. ಒಂದು ಕಡುಹಸುರು, ಬೆರಳುದ್ದ, ಎಲ್ಲವೂ ಒಂದೇ ಅಚ್ಚಿನಿಂದ ಇಳಿದ ಹಾಗೆ. ಇನ್ನೊಂದು ಮಾಸಲು ಬಿಳಿ, ಗೇಣುದ್ದ, ನಾಲ್ಕರಲ್ಲಿ ಒಂದು ಡೊಂಕು. ಮೊದಲಿನದು ಘಟ್ಟದ್ದು, ಎರಡನೆಯದು ಊರಿನದ್ದು. ಊರಿನದ್ದಕ್ಕೆ ರೇಟು ಜಾಸ್ತಿ, ಆದರೂ ಮೊದಲು ಖಾಲಿಯಾಗುವುದು ಅದೇ. ಸಾವಯವ ಎಂಬ ಮಾತು ಅಂಗಡಿಗಳ ಬೋರ್ಡು ಹತ್ತುವುದಕ್ಕೆ ಎಷ್ಟೋ ಮುಂಚೆ ನಮ್ಮ ಕಡೆ ‘ಊರ’ ಎಂಬ ಎರಡಕ್ಷರವೇ ಆ ಕೆಲಸ ಮಾಡುತ್ತಿತ್ತು. ಊರ ಬೆಂಡೆ, ಊರ ಸೌತೆ, ಊರ ಕೋಳಿ.

ಊರಿನದ್ದು ಎಂದ ಮಾತ್ರಕ್ಕೆ ಅದಕ್ಕೆ ಏನೂ ಹೊಡೆದಿಲ್ಲ ಎಂದು ನಂಬುವಷ್ಟು ಮುಗ್ಧರು ಈಗ ಯಾರೂ ಇಲ್ಲ. ಅದಕ್ಕೇ ಈಚೆಗೆ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಮನೆಯಲ್ಲೇ ಒಂದಿಷ್ಟು ತರಕಾರಿ ಮಾಡಬೇಕು, ವಿಷ ಇಲ್ಲದೆ, ಎಲ್ಲಿಂದ ಶುರುಮಾಡುವುದು? ಮಾರುವವರಿಗಾದರೆ ಅದಕ್ಕೊಂದು ಕಾನೂನಿನ ದಾರಿ ಇದೆ. ದೇಶದ ಸಾವಯವ ಪ್ರಮಾಣಪತ್ರದ ನಿಯಮದಲ್ಲಿ ತರಕಾರಿಯಂಥ ಬೆಳೆಯ ಜಾಗ ಎರಡು ವರ್ಷ, ತೆಂಗು–ಅಡಿಕೆಯಂಥ ಬಹುವಾರ್ಷಿಕ ಬೆಳೆಯ ಜಾಗ ಮೂರು ವರ್ಷ ರಾಸಾಯನಿಕದಿಂದ ದೂರ ನಿಂತು ಪರಿವರ್ತನೆಯಾಗಬೇಕು. ಮನೆ ಹಿತ್ತಿಲಿಗೆ ಅದಾವುದೂ ಬೇಡ. ಬೆಳೆದವರೂ ತಿನ್ನುವವರೂ ಒಬ್ಬರೇ ಆದಲ್ಲಿ ಪ್ರಮಾಣಪತ್ರ ಯಾರಿಗೆ ತೋರಿಸುವುದು?

ನಾನು ಶುರುಮಾಡಿದ್ದು ತಪ್ಪು ತಿಂಗಳಲ್ಲಿ, ತಪ್ಪು ಗಿಡದಿಂದ, ತಪ್ಪು ಮಣ್ಣಿನಲ್ಲಿ. ಕುಕ್ಕುಂದೂರಿನ ಜೋಡುರಸ್ತೆಯಿಂದ ಸ್ವಲ್ಪ ಒಳಗೆ ಎಂಟು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದೆವು. ತುಳುವಿನಲ್ಲಿ ಕುಕ್ಕು ಎಂದರೆ ಮಾವು. ಊರಿನ ಹೆಸರಿನಲ್ಲೇ ಮಾವು ಇದೆ, ಇಲ್ಲಿ ಏನು ಹಾಕಿದರೂ ಬಂದೀತು ಎಂಬ ಧೈರ್ಯ. ಗೃಹಪ್ರವೇಶ ಮೇ ತಿಂಗಳಲ್ಲಿ ಆಯಿತು, ಜೂನ್ ಮೊದಲ ವಾರ ಹನ್ನೆರಡು ಗ್ರೋಬ್ಯಾಗು ತಂದೆ. ಜೊತೆಗೆ ಅಂಗಡಿಯವರು ಕೊಟ್ಟ ರೆಡಿ ಮಣ್ಣು, ಟೊಮೆಟೊ, ಕ್ಯಾಬೇಜು, ದೊಣ್ಣೆಮೆಣಸಿನ ಸಸಿ. ಅಂಗಳದ ತುದಿಯಲ್ಲಿ ಸಾಲಾಗಿ ಇಟ್ಟು ಫೋಟೊ ತೆಗೆದೆ. ಜುಲೈ ಕೊನೆಗೆ ಆ ಹನ್ನೆರಡು ಚೀಲಗಳಲ್ಲಿ ನಿಂತ ನೀರು ಮತ್ತು ಹುಳಿನಾತ ಬಿಟ್ಟು ಏನೂ ಉಳಿದಿರಲಿಲ್ಲ. ಟೊಮೆಟೊ ಬುಡದಲ್ಲಿ ಕಪ್ಪಾಗಿ ಮಗುಚಿತು. ಕ್ಯಾಬೇಜು ಗಡ್ಡೆ ಕಟ್ಟುವ ಮೊದಲೇ ಕೊಳೆಯಿತು.

ಆಚೆಮನೆಯ ಅಕ್ಕ ಕೊಡೆ ಹಿಡಿದು ಬೇಲಿ ಬದಿಗೆ ಬಂದು ನೋಡಿದರು. “ಎಂಥದು ಮಾರಾಯ್ರೆ, ಕಾರ್ತೆಲಿನಲ್ಲಿ ಟೊಮೆಟೊ ಹಾಕಿದ್ದೀರಾ? ಅದು ನಮ್ಮ ಗಿಡವಾ?” ಎಂದರು. ನನಗೆ ಸಿಟ್ಟೇ ಬಂತು. ಆದರೆ ಅವರ ಅಂಗಳದಲ್ಲಿ ಅದೇ ಮಳೆಯಲ್ಲಿ ಬೆಂಡೆ ಆಳೆತ್ತರ ನಿಂತಿತ್ತು, ಹೀರೆ ಚಪ್ಪರ ಹತ್ತಿತ್ತು. ಅವರು ಕೃಷಿ ತರಬೇತಿಗೆ ಹೋದವರಲ್ಲ. ಅವರಿಗೆ ಗೊತ್ತಿದ್ದುದು ಎರಡೇ: ಇಲ್ಲಿ ಮಳೆ ಎಂಥದು, ಇಲ್ಲಿನ ಮಣ್ಣು ಎಂಥದು.

ಮಳೆಯ ಲೆಕ್ಕ ಒಮ್ಮೆ ಹಾಕಿ ನೋಡಿ. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿ.ಮೀ.ಗೂ ಮೇಲೆ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದು ಸೆಂಟ್ಸ್ ಎಂದರೆ ಸುಮಾರು 40 ಚದರ ಮೀಟರು. ಅಷ್ಟು ಜಾಗದ ಮೇಲೆ 4 ಮೀಟರು ಮಳೆ ಎಂದರೆ 1,60,000 ಲೀಟರು ನೀರು. ಬೇಸಿಗೆಯಲ್ಲಿ ಕಾದು ಕೂತು ತರಿಸುವ 12,000 ಲೀಟರಿನ ದೊಡ್ಡ ಟ್ಯಾಂಕರಿನಲ್ಲಿ ಹದಿಮೂರು ಲೋಡಿಗೂ ಹೆಚ್ಚು. ಅಷ್ಟೂ ನೀರು ಪ್ರತಿ ವರ್ಷ ಒಂದು ಸೆಂಟ್ಸ್ ಮಣ್ಣಿನ ಮೇಲೆ ಬಿದ್ದು, ಒಳಗೆ ಇಳಿದು, ಹೋಗುವಾಗ ಕರಗುವ ಸಾರವನ್ನೆಲ್ಲ ಜೊತೆಗೆ ಒಯ್ಯುತ್ತದೆ. ಸುಣ್ಣದ ಅಂಶ, ಪೊಟ್ಯಾಷು, ಸಾರಜನಕ ಎಲ್ಲ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ಕೊನೆಗೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ನಮ್ಮ ಮಣ್ಣು ಕೆಂಪಾಗಿರುವುದು, ಹುಳಿಯಾಗಿರುವುದು ಅದಕ್ಕೇ.

1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಫ್ರಾನ್ಸಿಸ್ ಬುಕಾನನ್ ಈ ಮಣ್ಣಿನಡಿಯ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ್ದ ಆತ ಇದನ್ನು ನೆಲದಿಂದ ಇಟ್ಟಿಗೆಯ ಹಾಗೆ ಕಡಿದು ತೆಗೆಯುವುದನ್ನು ಕಂಡು, ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಪದವನ್ನೇ ಹಚ್ಚಿದ. ನಾವು ಕೆಂಪುಕಲ್ಲು, ಮುರಕಲ್ಲು ಅನ್ನುತ್ತೇವೆ. ನೆಲದೊಳಗಿದ್ದಾಗ ಕೊಡಲಿಗೆ ಬಗ್ಗುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಮನೆ ಕಟ್ಟಲು ಇದಕ್ಕಿಂತ ಒಳ್ಳೆಯದಿಲ್ಲ, ಬೆಂಡೆ ಬೆಳೆಯಲು ಇದಕ್ಕಿಂತ ಕೆಟ್ಟದ್ದಿಲ್ಲ. ನಮ್ಮ ಹಿತ್ತಿಲಲ್ಲಿ ಪಿಕ್ಕಾಸು ಹೊಡೆದರೆ ಮೊದಲ ಆರಿಂಚು ಜಲ್ಲಿ ಬೆರೆತ ಮಣ್ಣು, ಆಮೇಲೆ ಟಣ್ ಎನ್ನುವ ಸದ್ದು.

ಹಾಗಾದರೆ ಈ ಬಡ ಮಣ್ಣಿನಲ್ಲಿ ನಮ್ಮ ಅಜ್ಜಂದಿರು ಹೊಟ್ಟೆ ತುಂಬುವಷ್ಟು ಬೆಳೆದದ್ದು ಹೇಗೆ? ಉತ್ತರ ಕಂದಾಯ ದಾಖಲೆಯಲ್ಲಿದೆ. ‘ಕುಮ್ಕಿ’ ಎಂಬ ಮಾತು ತುಳುನಾಡಿನವರಿಗೆಲ್ಲ ಗೊತ್ತು. ವರ್ಗ ಜಮೀನಿನ ಗಡಿಯಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆದುಕೊಳ್ಳುವ ಹಕ್ಕು. ಇವತ್ತು ಕುಮ್ಕಿ ಎಂದರೆ ತಕರಾರು, ಅರ್ಜಿ, ಕಚೇರಿ ಅಲೆದಾಟ. ಆದರೆ ಅದು ಹುಟ್ಟಿದ್ದು ಸೊಪ್ಪಿಗಾಗಿ. ಗುಡ್ಡದ ಸೊಪ್ಪು ಹಟ್ಟಿಗೆ, ದನ ತುಳಿದ ಸೊಪ್ಪು ಗೊಬ್ಬರದ ರಾಶಿಗೆ, ಅಲ್ಲಿಂದ ಗದ್ದೆಗೆ, ಹಿತ್ತಿಲಿಗೆ. ಮಳೆ ತೊಳೆದು ಒಯ್ದದ್ದನ್ನು ವರ್ಷವರ್ಷವೂ ತಲೆಹೊರೆಯಲ್ಲಿ ವಾಪಸು ತಂದು ಹಾಕುತ್ತಿದ್ದರು. ಒಂದು ಗದ್ದೆ ಉಣ್ಣಬೇಕಾದರೆ ಅದರ ಬೆನ್ನಿಗೆ ಒಂದು ಗುಡ್ಡ ಬೇಕಿತ್ತು.

ಈಗ ಗುಡ್ಡದಲ್ಲಿ ಲೇಔಟು, ಹಟ್ಟಿಯಲ್ಲಿ ಬೈಕು. ಆದರೆ ಸೊಪ್ಪು ನಿಂತಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಕುಕ್ಕುಂದೂರಿನ ಯಾವ ಓಣಿಗೆ ಹೋದರೂ ಬೆಳಗ್ಗೆ ಎಂಟರ ಹೊತ್ತಿಗೆ ಹೊಗೆ. ಹಲಸು, ಮಾವು, ಗೇರು, ಸಾಗುವಾನಿ ಮರಗಳ ತರಗೆಲೆಯನ್ನು ಗುಡಿಸಿ, ರಾಶಿ ಮಾಡಿ, ಬೆಂಕಿ ಕೊಡುತ್ತಾರೆ. ಸಂಜೆ ಅದೇ ಮನೆಯವರು ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ‘ಸಾವಯವ ಗೊಬ್ಬರ’ ತರುತ್ತಾರೆ. ನಾನೂ ಎರಡು ವರ್ಷ ಹೀಗೇ ಮಾಡಿದವನು. ಮನೆಯಲ್ಲಿ ತರಕಾರಿ ಮಾಡಹೊರಟವರು ಮೊದಲು ಬೀಜ ತರಬೇಡಿ, ಚೀಲವನ್ನೂ ತರಬೇಡಿ. ಮೊದಲು ಆ ಬೆಂಕಿಪೆಟ್ಟಿಗೆ ಒಳಗಿಡಿ.

ತರಗೆಲೆಯನ್ನು ಏನು ಮಾಡುವುದು? ಗೊಬ್ಬರಗುಂಡಿ ಎಂದು ಪುಸ್ತಕದಲ್ಲಿ ಓದಿ ಗುಂಡಿ ತೋಡಿದರೆ ನಮ್ಮಲ್ಲಿ ಅದು ಜೂನ್ ಹತ್ತಕ್ಕೆ ಕೆರೆಯಾಗುತ್ತದೆ. ನೆಲದ ಮೇಲೆಯೇ ಮಾಡಬೇಕು. ಮನೆ ಕಟ್ಟಿ ಉಳಿದ ಕೆಂಪುಕಲ್ಲುಗಳನ್ನು ಸಿಮೆಂಟು ಹಾಕದೆ, ನಡುವೆ ಎರಡು ಬೆರಳು ಸಂದು ಬಿಟ್ಟು, ಮೂರಡಿ ಚೌಕಕ್ಕೆ ನಾಲ್ಕು ವರಸೆ ಜೋಡಿಸಿದರೆ ಆಯಿತು. ಅಡಿಗೆ ತೆಂಗಿನ ಸಿಪ್ಪೆ. ಮೇಲೆ ಮೂರು ಬುಟ್ಟಿ ತರಗೆಲೆಗೆ ಒಂದು ಬುಟ್ಟಿ ಅಡಿಗೆಮನೆಯ ಕಸ ಅಥವಾ ಹಸಿ ಸೊಪ್ಪು, ನಡುನಡುವೆ ಒಂದು ಮುಷ್ಟಿ ಸಗಣಿ ಅಥವಾ ಹಳೆ ಗೊಬ್ಬರ. ಬೇಲಿಯಲ್ಲಿ ಗ್ಲಿರಿಸೀಡಿಯ ಇದ್ದರೆ ಅದರ ಸೊಪ್ಪಿಗಿಂತ ಒಳ್ಳೆಯದು ಬೇರೆ ಇಲ್ಲ, ಸಾರಜನಕ ತುಂಬಿದ ಸೊಪ್ಪು ಅದು. ಮಳೆಗಾಲದಲ್ಲಿ ಮೇಲೆ ಟರ್ಪಾಲು ಅಥವಾ ಮಡಲು. ನಾರಿದರೆ ಹಸಿ ಜಾಸ್ತಿಯಾಗಿದೆ, ಇನ್ನೊಂದು ಬುಟ್ಟಿ ತರಗೆಲೆ ಸುರಿಯಿರಿ. ಸುಮ್ಮನೆ ಒಣಗಿ ಕೂತಿದ್ದರೆ ನೀರು ಚಿಮುಕಿಸಿ. ಒಂದು ವಾರದ ಮೇಲೆ ಕಬ್ಬಿಣದ ಸರಳೊಂದನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ. ಬಿಸಿಯಾಗಿದ್ದರೆ ಒಳಗೆ ಸೂಕ್ಷ್ಮಜೀವಿಗಳು ಊಟಕ್ಕೆ ಕೂತಿವೆ. ಒಳ್ಳೆಯ ರಾಶಿ 55–60 ಡಿಗ್ರಿವರೆಗೂ ಕಾಯುತ್ತದೆ. ಆ ಬಿಸಿಗೆ ಕಳೆಯ ಬೀಜವೂ ಬಹಳಷ್ಟು ಸಾಯುತ್ತದೆ. ಮೂರ್ನಾಲ್ಕು ತಿಂಗಳಿಗೆ ಕಪ್ಪು ಹುಡಿ, ಮೊದಲ ಮಳೆಯ ವಾಸನೆ. ಸಾಗುವಾನಿ, ಅಕೇಶಿಯಾ ಎಲೆ ಮಾತ್ರ ಬೇಗ ಕರಗುವುದಿಲ್ಲ, ಅವನ್ನು ಗಿಡದ ಬುಡಕ್ಕೆ ಹೊದಿಕೆಯಾಗಿ ಹಾಕುವುದೇ ವಾಸಿ.

ಇದೇನೂ ಹೊಸ ವಿದ್ಯೆಯಲ್ಲ. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಇಂದೋರಿನಲ್ಲಿದ್ದ ಆಲ್ಬರ್ಟ್ ಹೊವಾರ್ಡ್ ಎಂಬ ಬ್ರಿಟಿಷ್ ಸಸ್ಯವಿಜ್ಞಾನಿ ಹಸಿ–ಒಣ–ಸಗಣಿ ಪದರಗಳ ಗೊಬ್ಬರ ವಿಧಾನವನ್ನು ಲೆಕ್ಕಾಚಾರಕ್ಕೆ ಕೂರಿಸಿದ. 1940ರಲ್ಲಿ ಅವನ ಪುಸ್ತಕ ಬಂದ ಮೇಲೆ ಪಶ್ಚಿಮದಲ್ಲಿ ಸಾವಯವ ಚಳವಳಿಗೆ ಬಲ ಬಂತು. ತನ್ನ ಗುರುಗಳಲ್ಲಿ ಭಾರತದ ರೈತರೂ ಇದ್ದರೆಂದು ಅವನೇ ಒಪ್ಪಿಕೊಂಡಿದ್ದ. ಸೊಪ್ಪಿನ ಹಟ್ಟಿ ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಈಗ ಒಂದು ತಕರಾರಿನ ವಿಷಯ: ಸುಡುಮಣ್ಣು. ತುಳುವಿನಲ್ಲಿ ತೂಮಣ್ಣ್. ತರಗೆಲೆ, ಕಡ್ಡಿ, ಒಣ ಸಗಣಿ ಹರಡಿ ಅದರ ಮೇಲೆ ಕೆತ್ತಿದ ಮಣ್ಣು ಮುಚ್ಚಿ, ಒಂದು ಬದಿಯಿಂದ ಬೆಂಕಿ ಕೊಟ್ಟರೆ ಎರಡು ಮೂರು ದಿನ ಒಳಗೊಳಗೇ ಹೊಗೆಯಾಡುತ್ತದೆ. ಆರಿದ ಮೇಲೆ ಸಿಗುವ ಹುಡಿಮಣ್ಣು ಕೈಗೆ ರವೆಯಂತೆ ಹತ್ತುತ್ತದೆ. ತರಕಾರಿಗೂ ಮಲ್ಲಿಗೆಗೂ ಇದಿಲ್ಲದೆ ಆಗುವುದಿಲ್ಲ ಎನ್ನುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ. ಹೊಸದಾಗಿ ಸಾವಯವಕ್ಕೆ ಬಂದ ಪೇಟೆಯ ಗೆಳೆಯರೊಬ್ಬರು ಇದನ್ನು ಕೇಳಿ ಹೌಹಾರಿದರು. ಮಣ್ಣಿಗೆ ಬೆಂಕಿಯೇ? ಜೀವಾಣುಗಳ ಕೊಲೆಯಲ್ಲವೇ?

ಇಬ್ಬರೂ ಅರ್ಧ ಸರಿ. ಸುಟ್ಟಾಗ ಎಲೆಯ ಸಾರಜನಕ ಹೊಗೆಯಾಗಿ ಹೋಗುತ್ತದೆ, ಮಣ್ಣಿಗೆ ಸೇರಬೇಕಾದ ಜೈವಿಕ ಅಂಶವೂ ಹೋಗುತ್ತದೆ. ಅದು ನಷ್ಟವೇ. ಆದರೆ ಸುಣ್ಣದ ಅಂಶ, ಪೊಟ್ಯಾಷು, ರಂಜಕ ಬೂದಿಯಲ್ಲಿ ಉಳಿಯುತ್ತವೆ. ಬೂದಿ ಕ್ಷಾರ, ನಮ್ಮ ಮಣ್ಣು ಹುಳಿ. ಬಯಲುಸೀಮೆಯ ಕಪ್ಪು ಮಣ್ಣಿಗೆ ಬೂದಿ ಸುರಿದರೆ ಉಪಕಾರಕ್ಕಿಂತ ಉಪದ್ರವ ಹೆಚ್ಚು, ನಮ್ಮಲ್ಲಿ ಅದೇ ಬೂದಿ ಔಷಧ. ಬಿಸಿಗೆ ಕಳೆಯ ಬೀಜ, ಬೇರುಕೊಳೆ ತರುವ ಶಿಲೀಂಧ್ರ ಸಾಯುವುದರಿಂದ ಎಳೆ ಸಸಿಗೆ ಸುಡುಮಣ್ಣು ಒಳ್ಳೆಯ ತೊಟ್ಟಿಲೂ ಹೌದು. ನಾನು ಕಂಡುಕೊಂಡ ರಾಜಿ ಇಷ್ಟು: ಹತ್ತು ಬುಟ್ಟಿ ತರಗೆಲೆಯಲ್ಲಿ ಒಂಬತ್ತು ಗೊಬ್ಬರಕ್ಕೆ, ಒಂದು ಸುಡುಮಣ್ಣಿಗೆ. ಬೀಜ ಹಾಕುವ ಕುಳಿಗೆ ಮಾತ್ರ ಒಂದು ಮುಷ್ಟಿ. ಬಚ್ಚಲ ಒಲೆಯ ಬೂದಿ ಇರುವ ಮನೆಯವರಿಗೆ ಅದೂ ಬೇಡ. ಆದರೆ ಬೂದಿಯನ್ನು ಹಸಿ ಸಗಣಿಯ ಜೊತೆ, ಗೋಮೂತ್ರದ ಜೊತೆ ಕಲಸಿಡಬೇಡಿ. ಮೂಗಿಗೆ ಘಾಟು ಹೊಡೆದರೆ ಸಾರಜನಕ ಅಮೋನಿಯ ಆಗಿ ಹಾರಿಹೋಗುತ್ತಿದೆ ಎಂದೇ ಲೆಕ್ಕ.

ಹಾಗಾದರೆ ಶುರುಮಾಡುವ ತಿಂಗಳು ಯಾವುದು? ದೀಪಾವಳಿ ಕಳೆದ ಮೇಲಿನ ವಾರ. ಮಳೆ ಬಿಟ್ಟಿರುತ್ತದೆ, ಮಣ್ಣಿನಲ್ಲಿ ಪಸೆ ಇರುತ್ತದೆ, ಬಿಸಿಲು ಹದವಾಗಿರುತ್ತದೆ. ಮೊದಲ ಬೆಳೆ ಹರಿವೆ. ಇದರಲ್ಲಿ ಸೋಲುವುದು ಕಷ್ಟ, ಇಪ್ಪತ್ತೈದು ಮೂವತ್ತು ದಿನದಲ್ಲಿ ಪಲ್ಯ. ನಾಲ್ಕಡಿ ಉದ್ದ, ಮೂರಡಿ ಅಗಲದ ಒಂದು ಏರಿ ಸಾಕು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಕಡೆ ನೋಡಿಕೊಳ್ಳಿ. ತೆಂಗಿನ ಬುಡದಲ್ಲಿ ಜಾಗ ಇದೆಯೆಂದು ಹಾಕಿದರೆ ಗಿಡ ಬಿಸಿಲು ಹುಡುಕಿಕೊಂಡು ಕತ್ತು ಉದ್ದ ಮಾಡುತ್ತದೆ ಅಷ್ಟೆ.

ಹರಿವೆ ಬೀಜ ಸಾಸಿವೆಗಿಂತ ಚಿಕ್ಕದು, ಕಪ್ಪು, ಮಿರಿಮಿರಿ ಮಿಂಚುತ್ತದೆ. ನಾನು ಮೊದಲ ಸಲ ಬಿತ್ತಿದ್ದು ಅರ್ಧ ಚಮಚ, ಹುಟ್ಟಿದ್ದು ಹನ್ನೊಂದು ಗಿಡ. ಬೀಜ ಕೆಟ್ಟದೆಂದು ಬೈದುಕೊಂಡೆ. ಆಚೆಮನೆಯ ಅಕ್ಕ ಏರಿಯ ಬದಿಗೆ ಕುಕ್ಕರಗಾಲಲ್ಲಿ ಕೂತು ತೋರಿಸಿದರು. ಒಂದು ಸಾಲು ಇರುವೆ ನನ್ನ ಬೀಜ ಕಚ್ಚಿಕೊಂಡು ಪಾಗಾರದ ಬಿರುಕಿನೊಳಗೆ ಇಳಿಯುತ್ತಿತ್ತು. “ಅವಕ್ಕೂ ಸಂಸಾರ ಉಂಟಲ್ಲ” ಎಂದು ನಕ್ಕರು. ಮದ್ದು ಅವರ ಅಡಿಗೆಮನೆಯಲ್ಲೇ ಇತ್ತು. ಒಂದು ಚಮಚ ಬೀಜಕ್ಕೆ ಎರಡು ಹಿಡಿ ರವೆ ಬೆರೆಸಿ ಬಿತ್ತುವುದು. ಇರುವೆ ದೊಡ್ಡದನ್ನು, ಬಿಳಿಯದನ್ನು ಮೊದಲು ಹೊರುತ್ತದೆ. ರವೆ ಹೊತ್ತು ಮುಗಿಸುವಷ್ಟರಲ್ಲಿ ಮೂರು ನಾಲ್ಕು ದಿನವಾಗಿ ಹರಿವೆ ಮೊಳಕೆ ಎದ್ದಿರುತ್ತದೆ. ಬೀಜ ಒಂದೇ ಕಡೆ ಗುಪ್ಪೆಯಾಗದೆ ಹರಡಿ ಬೀಳುವುದು ರವೆಯ ಇನ್ನೊಂದು ಉಪಕಾರ. ಇರುವೆಪುಡಿ ಎರಚುವ ಮೊದಲು ಹತ್ತು ರೂಪಾಯಿಯ ರವೆ ಖರ್ಚು ಮಾಡಿ ನೋಡಿ.

ಎರಡನೆಯದು ಬಸಳೆ. ಇದಕ್ಕೆ ಬೀಜ ಕೊಳ್ಳುವವರು ನಮ್ಮೂರಿನವರಲ್ಲ. ಯಾರದಾದರೂ ಚಪ್ಪರದಿಂದ ನಾಲ್ಕು ಗಂಟು ಇರುವ ಬಳ್ಳಿ ಕೇಳಿ ತಂದು, ಎರಡು ಗಂಟು ಮಣ್ಣೊಳಗೆ ಹೋಗುವಂತೆ ಓರೆಯಾಗಿ ನೆಟ್ಟರೆ ಮುಗಿಯಿತು. ಹಿಂದೆ ಬಚ್ಚಲ ನೀರು ಹರಿಯುವಲ್ಲಿ ಬಸಳೆ ಇರುತ್ತಿತ್ತು. ಈಗಿನ ಬಟ್ಟೆ ಸೋಪಿನ ನೀರನ್ನು ನಾನು ಬಿಡುವುದಿಲ್ಲ. ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು ಧಾರಾಳವಾಗಿ ಹಾಕುತ್ತೇನೆ. ತಿಂಗಳಿಗೊಮ್ಮೆ ಬುಡಕ್ಕೆ ಒಂದು ಬುಟ್ಟಿ ಹಟ್ಟಿಗೊಬ್ಬರ, ಮೇಲೆ ತರಗೆಲೆ. ಎಲೆಯಲ್ಲಿ ಕೆಂಪು ಅಂಚಿನ ಚುಕ್ಕೆ ಕಂಡರೆ ಆ ಎಲೆ ಕಿತ್ತು ದೂರ ಹಾಕಿ, ನೀರನ್ನು ಎಲೆಯ ಮೇಲೆ ಹೊಯ್ಯದೆ ಬುಡಕ್ಕೆ ಹೊಯ್ದರೆ ಹತೋಟಿಗೆ ಬರುತ್ತದೆ. ಸಿಗಡಿ ಹಾಕುವ ಮನೆಗೂ ಹೆಸರುಕಾಳು ಹಾಕುವ ಮನೆಗೂ ಬಸಳೆ ಒಂದೇ.

ಅಲಸಂಡೆ, ತೊಂಡೆ, ಒಂದು ಕರಿಬೇವು, ಎರಡು ಗಾಂಧಾರಿ ಮೆಣಸು ಆ ಚಳಿಗಾಲದಲ್ಲೇ ಸೇರಿಸಿಕೊಳ್ಳಬಹುದು. ಅಲಸಂಡೆಯ ಬೇರುಗಂಟಿನ ಬ್ಯಾಕ್ಟೀರಿಯ ಗಾಳಿಯ ಸಾರಜನಕ ಹಿಡಿದು ಕೊಡುವುದರಿಂದ ಮುಗಿದ ಬಳ್ಳಿಯನ್ನು ಬೇರುಸಹಿತ ಕೀಳದೆ ಬುಡಕ್ಕೆ ಕತ್ತರಿಸಿ.

ಟೊಮೆಟೊ ಬೇಕೇ ಬೇಕೆನ್ನುವವರು ಡಿಸೆಂಬರಿನಲ್ಲಿ ಹಾಕಿ ಅದೃಷ್ಟ ಪರೀಕ್ಷಿಸಲಿ. ಗುಳ್ಳ ಬದನೆ ಹಾಕುವುದಕ್ಕೂ ಇದೇ ಕಾಲ. ಆದರೆ ಕಟಪಾಡಿ ಪಕ್ಕದ ಮಟ್ಟುವಿನ ಗುಳ್ಳ ಮಟ್ಟುವಿನಲ್ಲೇ ಆಗುವುದು. ವಾದಿರಾಜರು ಕೊಟ್ಟ ಬೀಜವೆಂದು ನಂಬಿರುವ ಆ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು, ಎಂದರೆ ಬೀಜದ ಜೊತೆ ಮಣ್ಣಿಗೂ ಹೆಸರು ಬಂತು. ಕುಕ್ಕುಂದೂರಿನ ಕೆಂಪುಕಲ್ಲಿನ ಮೇಲೆ ಹಾಕಿದರೆ ಗುಳ್ಳವೇನೋ ಬರುತ್ತದೆ, ಮಟ್ಟುವಿನ ರುಚಿ ಬರುವುದಿಲ್ಲ. ಹಾಕಿ ನೋಡಿಯೇ ಹೇಳುತ್ತಿದ್ದೇನೆ.

ಇಷ್ಟು ಕೈ ಪಳಗಿದ ಮೇಲೆ ಮಳೆಗಾಲದ ತರಕಾರಿ. ಇದಕ್ಕೆ ಪಂಚಾಂಗದ ಗಡು ಪತ್ತನಾಜೆ, ಬೇಶ ತಿಂಗಳ ಹತ್ತನೆಯ ದಿನ, ಸಾಮಾನ್ಯವಾಗಿ ಮೇ 24ರ ಆಸುಪಾಸು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನವೇ ನಮ್ಮ ಹಿತ್ತಿಲು ಗೆಜ್ಜೆ ಕಟ್ಟುತ್ತದೆ. ಬೆಂಡೆ, ಹೀರೆ, ಮುಳ್ಳುಸೌತೆ, ಹಾಗಲ, ಪಡವಲ. ಗುಟ್ಟು ಏನೆಂದರೆ ದೊಡ್ಡ ಮಳೆ ಹಿಡಿಯುವ ಮೊದಲು ಗಿಡ ನಾಲ್ಕೆಲೆ ಬಿಟ್ಟು ಬೇರು ಊರಿರಬೇಕು. ಜೂನ್ ಹತ್ತರ ಮೇಲೆ ಹಾಕಿದ ಬೀಜ ಹೆಚ್ಚಿನಂಶ ಕೊಳೆಯುತ್ತದೆ. ಏರಿ ಮೊಣಕಾಲೆತ್ತರ ಇರಲಿ, ಎರಡು ಏರಿಯ ನಡುವಿನ ಚರಂಡಿ ತೋಡಿಗೆ ಸೇರಲಿ, ಏರಿಯ ಮೈಗೆ ತರಗೆಲೆಯ ದಪ್ಪ ಹೊದಿಕೆ ಇರಲಿ. ಆ 1,60,000 ಲೀಟರಿಗೆ ನಾವು ಒಡ್ಡಬಹುದಾದ ಕೊಡೆ ಅದೊಂದೇ. ಹನಿ ಎಲೆಯ ಮೇಲೆ ಬಿದ್ದು ಜಾರುತ್ತದೆ, ಮಣ್ಣಿಗೆ ಬಡಿದು ಒಯ್ಯುವುದಿಲ್ಲ. ನಮ್ಮ ನಾಲ್ಕು ಜನರ ಮನೆಗೆ ಇಪ್ಪತ್ತು ಬಿಳಿಬೆಂಡೆ ಗಿಡ ಸಾಕು, ಆಟಿಯಿಂದ ಚೌತಿವರೆಗೆ. ಬೇಸಿಗೆಯಲ್ಲಿ ಬೆಂಡೆಯ ಎಲೆ ಹಳದಿ ಬಲೆಯಂತಾಗುವ ನಂಜುರೋಗ ತರುವ ಬಿಳಿನೊಣಕ್ಕೆ ಜಡಿಮಳೆ ಆಗುವುದಿಲ್ಲ, ಅದು ನಮ್ಮ ಪುಣ್ಯ. ಇನ್ನು ತೋಡಿನ ಬದಿಯ ಕೆಸು, ತಾನಾಗಿ ಹುಟ್ಟುವ ತಜಂಕ್, ಒಂದೆಲಗ. ಪತ್ರೊಡೆಗೆ ಎಲೆ ಹುಡುಕುವ ದಿನ ಬಂದಾಗಲೇ ಕಳೆ ಎಂದು ಕಿತ್ತೆಸೆದದ್ದು ಏನೆಂದು ಗೊತ್ತಾಗುವುದು.

ಹಾಗಲ, ಮುಳ್ಳುಸೌತೆಗೆ ಬರುವ ದೊಡ್ಡ ಕಾಟ ಹಣ್ಣುನೊಣ. ಹೊರಗೆ ಸೂಜಿಮೊನೆಯಷ್ಟು ಗುರುತು, ಒಂದು ಹನಿ ಅಂಟು. ಕೊಯ್ದು ನೋಡಿದರೆ ಒಳಗೆ ಅಕ್ಕಿಕಾಳಿನಂಥ ಹುಳ. ಹೆಣ್ಣುನೊಣ ಎಳೆಗಾಯಿಯ ಸಿಪ್ಪೆಯಡಿ ಮೊಟ್ಟೆ ಇಟ್ಟುಹೋಗಿರುತ್ತದೆ, ಹುಳ ಕಾಯಿಯೊಳಗೇ ಇರುವುದರಿಂದ ಯಾವ ಔಷಧ ಹೊಡೆದರೂ ಅದಕ್ಕೆ ತಗಲುವುದಿಲ್ಲ. ಹೂ ಉದುರಿ ಕಾಯಿ ಬೆರಳಿನ ಒಂದು ಗೆಣ್ಣಿನಷ್ಟಾದ ಕೂಡಲೇ ಹಳೆ ಪತ್ರಿಕೆಯನ್ನು ಕೊಳವೆಯ ಹಾಗೆ ಸುತ್ತಿ ಮೇಲಿನ ತುದಿ ಪಿನ್ನು ಹೊಡೆದುಬಿಡುವುದೇ ಇದಕ್ಕೆ ಉಪಾಯ. ಜಡಿಮಳೆಯಲ್ಲಿ ಪತ್ರಿಕೆ ನೆನೆದು ಹರಿದರೆ ಹಳೆ ಸೀರೆಯ ತುಂಡು. ನನ್ನ ಅಂಕಣಗಳಿಗೆ ಇದಕ್ಕಿಂತ ಸಾರ್ಥಕ ಉಪಯೋಗ ಬೇರೆ ಕಂಡಿಲ್ಲ. ಹೂವಿರುವಾಗಲೇ ಸುತ್ತಬಾರದು, ಮುಜಂಟಿ ಜೇನು ಬಂದುಹೋಗಲಿ. ಹುಳ ಬಿದ್ದ ಕಾಯಿಯನ್ನು ಗೊಬ್ಬರದ ರಾಶಿಗೆ ಹಾಕಿದಿರೋ, ಹುಳ ಮಣ್ಣಿಗಿಳಿದು ಕೋಶ ಕಟ್ಟಿ ಮುಂದಿನ ವಾರ ನೊಣವಾಗಿ ವಾಪಸು. ಬಕೆಟಿನ ನೀರಿನಲ್ಲಿ ಎರಡು ದಿನ ಮುಳುಗಿಸಿಟ್ಟು ಆಮೇಲೆ ಹೂತುಹಾಕಿ. ಗಂಡುನೊಣ ಹಿಡಿಯುವ ಮೋಹಕ ಬಲೆಗಳೂ ಸಿಗುತ್ತವೆ. ಟ್ರೈಕೋಡರ್ಮದಂಥ ಜೈವಿಕ ಶಿಲೀಂಧ್ರನಾಶಕದ ಬಗ್ಗೆ, ಮಣ್ಣಿನ ಹುಳಿ ಅಳೆಸುವ ಬಗ್ಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಮಂಗ ಮತ್ತು ನವಿಲಿಗೆ ನನ್ನಲ್ಲಿ ಉಪಾಯವಿಲ್ಲ.

ಜೀವಾಮೃತ ಮಾಡುತ್ತೀರಾ ಎಂದು ಕೇಳುವವರಿದ್ದಾರೆ. 200 ಲೀಟರು ನೀರಿಗೆ 10 ಕಿಲೋ ಸಗಣಿ, ಗೋಮೂತ್ರ, 2 ಕಿಲೋ ಬೆಲ್ಲ, 2 ಕಿಲೋ ಬೇಳೆಹಿಟ್ಟು. ಸುಭಾಷ್ ಪಾಳೇಕರರ ಈ ಲೆಕ್ಕ ಒಂದು ಎಕರೆಗೆ. ನಾಲ್ಕು ಸೆಂಟ್ಸ್ ಹಿತ್ತಿಲಿಗೆ ಡ್ರಮ್ಮುಗಟ್ಟಲೆ ಕಲಸುವುದು, ಅದೂ ಬೆಲ್ಲ ಕೊಂಡು ತಂದು, ನನಗೆ ಒಗ್ಗಲಿಲ್ಲ. ನೆಲಗಡಲೆ ಹಿಂಡಿ ಎರಡು ದಿನ ನೆನೆಸಿ ಹತ್ತು ಪಾಲು ನೀರು ಸೇರಿಸಿ ಹೊಯ್ದರೆ ಗಿಡ ಮಾತಾಡುತ್ತದೆ. ಮಣ್ಣಿನಲ್ಲಿ ಎಲೆಯೇ ಇಲ್ಲದಿದ್ದರೆ ಯಾವ ಅಮೃತವೂ ಮೊದಲ ಮಳೆಗೆ ತೋಡು ಸೇರುತ್ತದೆ.

ಇಷ್ಟೆಲ್ಲ ಯಾಕೆ, ಒಂದು ಚಮಚ ಔಷಧ ಹೊಡೆದರೆ ಮುಗಿಯಿತಲ್ಲ ಎನ್ನುವವರಿಗೆ ನಾನು ವಾದ ಮಾಡುವುದಿಲ್ಲ. ನಮ್ಮ ಪಕ್ಕದ ಕಾಸರಗೋಡಿನಲ್ಲಿ ಸರ್ಕಾರಿ ಗೇರುತೋಟಗಳ ಮೇಲೆ ಎಪ್ಪತ್ತರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು, ಬೆಳ್ತಂಗಡಿಯ ಕೊಕ್ಕಡದ ಕಡೆಯೂ ಸುರಿದರು. ಕಾಸರಗೋಡಿನ ಪಡ್ರೆ ಗ್ರಾಮದ ಜನರ ಕಾಯಿಲೆಗಳ ಬಗ್ಗೆ ಪತ್ರಕರ್ತ ಶ್ರೀ ಪಡ್ರೆಯವರು ಬರೆಯುತ್ತ ಬಂದರು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟವರೂ ಅವರೇ. ಸುಪ್ರೀಂ ಕೋರ್ಟು ಆ ವಿಷಕ್ಕೆ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಎಂಡೋ ಪೀಡಿತರಿಗೆ ಇವತ್ತಿಗೂ ಸರ್ಕಾರದ ಮಾಸಾಶನ ಬರುತ್ತಿದೆ.

ಕೊನೆಗೆ ಬೀಜ. ಪ್ಯಾಕೆಟಿನ ಹೈಬ್ರಿಡ್ ಬೀಜದಿಂದ ಬಂದ ಕಾಯಿಯ ಬೀಜ ಇಟ್ಟರೆ ಮುಂದಿನ ವರ್ಷ ತಾಯಿಯ ಗುಣ ಬರುವುದಿಲ್ಲ, ಪ್ರತಿ ವರ್ಷ ಅಂಗಡಿಯೇ ಗತಿ. ಊರ ತಳಿಗೆ ಆ ತೊಂದರೆ ಇಲ್ಲ. ಹೀರೆಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟರೆ ಅದರ ಹೊಟ್ಟೆಯೇ ಬೀಜದ ಡಬ್ಬಿ. ಅಲಸಂಡೆ ಬೀಜಕ್ಕೆ ಬೂದಿ ಉಜ್ಜಿ ಬಾಟಲಿಗೆ ಹಾಕಿದರೆ ಹುಳ ಬರುವುದಿಲ್ಲ.

ಹೋದ ತಿಂಗಳು ಆಚೆಮನೆಯ ಅಕ್ಕ ಅಟ್ಟದಲ್ಲಿ ಬಾಳೆನಾರಿನಿಂದ ಕಟ್ಟಿ ತೂಗಿಸಿಟ್ಟಿದ್ದ ಒಂದು ಸಾಂಬಾರು ಸೌತೆ ತಂದುಕೊಟ್ಟರು. ನಾಲ್ಕು ತಿಂಗಳು ತೂಗಿದ್ದು, ಹೊಂಬಣ್ಣ, ಮೇಲೆ ಹಸುರು ಗೀರು. “ಬೀಜಕ್ಕೆ ಕೊಟ್ಟದ್ದು” ಎಂದು ಎರಡು ಸಲ ಹೇಳಿದ್ದರು. ಅದನ್ನು ನಾನು ಮನೆಯಲ್ಲಿ ಹೇಳಲು ಮರೆತೆ. ಮಧ್ಯಾಹ್ನ ಊಟಕ್ಕೆ ಕೂತರೆ ಬಟ್ಟಲಲ್ಲಿ ಸೌತೆಕಾಯಿ ಹುಳಿ. ಎದೆ ಧಸಕ್ಕೆಂದಿತು. ಓಡಿಹೋಗಿ ಗೊಬ್ಬರದ ರಾಶಿ ನೋಡಿದರೆ ಅಡಿಗೆಗೆ ಬೇಡವೆಂದು ಹೆರೆದು ಹಾಕಿದ ತಿರುಳು ಬೀಜಸಮೇತ ಮೇಲೆಯೇ ಇತ್ತು. ತೊಳೆದು, ಬೂದಿಯಲ್ಲಿ ಹೊರಳಿಸಿ, ಅಂಗೈಯಗಲ ಸಗಣಿಗೆ ಒತ್ತಿ ಕೊಟ್ಟಿಗೆಯ ಗೋಡೆಗೆ ಅಂಟಿಸಿದೆ. ಕೊಟ್ಟಿಗೆ ಎಂದರೆ ಈಗ ಸ್ಕೂಟರಿನ ಜಾಗ. ಎಣಿಸಿದರೆ ಮೂವತ್ತೊಂದು ಬೀಜ. ಪತ್ತನಾಜೆಗೆ ಇನ್ನೂ ಹದಿನೆಂಟು ದಿನ ಇದೆ.